ಬೀಕರ್ ತೊಳೆಯೋದರಿಂದ ಶುರು: ಡಿಗ್ರಿ ಓದುವಾಗಲೇ ರಿಸರ್ಚ್ ಮಾಡೋದು ಹೇಗೆ?



ರಜೆಗೆ ಅಂತ ಗುದೈಬಿಯಾದಲ್ಲಿರೋ ಅಪ್ಪ ಅಮ್ಮನ ಮನೆಗೆ ಬಂದಿದ್ದೇನೆ. ಬಹರೇನ್ ನೋಡದವರಿಗೆ ಒಂದು ಮಾತು: ಗುದೈಬಿಯಾ ಅಂದ್ರೆ ಮನಾಮಾದ ಒಂದು ಬಡಾವಣೆ. ಕೆಳಗೆ ಕೋಲ್ಡ್ ಸ್ಟೋರ್, ಮೇಲೆ ಸಾಲುಸಾಲು ಫ್ಲ್ಯಾಟು. ಸಂಜೆ ಅಂದಲೂಸ್ ಗಾರ್ಡನ್‌ನಲ್ಲಿ ಒಂದು ಸುತ್ತು ಹಾಕಿದರೆ ಮಲಯಾಳಂ, ತುಳು, ಕನ್ನಡ, ಉರ್ದು ಎಲ್ಲ ಕಿವಿಗೆ ಬೀಳುತ್ತೆ. ನಮ್ಮ ಮೇಲಿನ ಮಹಡಿಯಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಇದೆ. ಅಂಕಲ್ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಅವರ ಮಗಳು ಊರಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಾ ಇದ್ದಾಳೆ. ಮೊನ್ನೆ ಚಹಾಕ್ಕೆ ಬಂದವಳು ಕೇಳಿದಳು:

"ಅಕ್ಕಾ, ಸಿ.ವಿ.ಯಲ್ಲಿ ರಿಸರ್ಚ್ ಅಂತ ಒಂದು ಲೈನ್ ಬೇಕಂತೆ. ಬೇಗ ಮುಗಿಯೋ ಅಂಥದ್ದು ಏನಾದ್ರೂ ಇದ್ಯಾ?"

ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆ ಆಯ್ತು. ಯಾಕಂದ್ರೆ ಕೆಲವು ವರ್ಷದ ಹಿಂದೆ ನಾನೂ ನನ್ನ ಸೀನಿಯರ್ ಒಬ್ಬರ ಹತ್ತಿರ ಇದೇ ಮಾತು ಕೇಳಿದ್ದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಜೋಡಿಸಿ ಬರೆದಿದ್ದೇನೆ. ನೀವು ಬಿ.ಎಸ್ಸಿ. ಕೆಮಿಸ್ಟ್ರಿ ಇರಲಿ, ಕೆಮಿಕಲ್ ಇಂಜಿನಿಯರಿಂಗ್ ಇರಲಿ, ಯಾವ ದೇಶದಲ್ಲೇ ಓದುತ್ತಿರಲಿ, ಇದು ನಿಮಗೂ ಉಪಯೋಗಕ್ಕೆ ಬರಬಹುದು.

1. ಲ್ಯಾಬ್ ಕ್ಲಾಸ್ ಬೇರೆ, ರಿಸರ್ಚ್ ಬೇರೆ

ಲ್ಯಾಬ್ ಕ್ಲಾಸಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ. ಟೈಟ್ರೇಶನ್ ಎಷ್ಟಕ್ಕೆ ನಿಲ್ಲಬೇಕು ಅನ್ನೋದು ಮೇಷ್ಟ್ರಿಗೆ ಗೊತ್ತು, ಅಟೆಂಡರ್‌ಗೆ ಗೊತ್ತು, ಪಕ್ಕದ ಬ್ಯಾಚಿನವರಿಗೂ ಗೊತ್ತು. ನಿಮ್ಮ ರೀಡಿಂಗ್ ಅದಕ್ಕೆ ಹೊಂದದಿದ್ದರೆ ನೀವು ತಪ್ಪು ಮಾಡಿದ್ದೀರಿ ಅಂತ ಅರ್ಥ.

ರಿಸರ್ಚ್‌ನಲ್ಲಿ ಉತ್ತರ ಯಾರಿಗೂ ಗೊತ್ತಿರಲ್ಲ, ಗೈಡ್‌ಗೂ ಗೊತ್ತಿರಲ್ಲ. ರೀಡಿಂಗ್ ವಿಚಿತ್ರವಾಗಿ ಬಂದರೆ ನೀವು ತಪ್ಪು ಮಾಡಿರಬಹುದು, ಇಲ್ಲವೇ ಅಲ್ಲಿ ನಿಜಕ್ಕೂ ಏನೋ ನಡೀತಿರಬಹುದು. ಎರಡರಲ್ಲಿ ಯಾವುದು ಅಂತ ಪತ್ತೆ ಹಚ್ಚೋದೇ ಕೆಲಸ. ನನ್ನ ಲೆಕ್ಕದಲ್ಲಿ ಡಿಗ್ರಿಯಲ್ಲಿ ಕಲಿಯಬೇಕಾದ ರಿಸರ್ಚ್ ಇಷ್ಟೇ. ಪೇಪರು, ಪೇಟೆಂಟು ಎಲ್ಲ ಆಮೇಲೆ.

ಕೆಮಿಸ್ಟ್ರಿಯವರಿಗೂ ಕೆಮಿಕಲ್ ಇಂಜಿನಿಯರ್‌ಗಳಿಗೂ ಪ್ರಶ್ನೆಯ ರೀತಿ ಬೇರೆ. ನೀರಿನಿಂದ ಫ್ಲೋರೈಡ್ ತೆಗೆಯೋದನ್ನೇ ತಗೊಳ್ಳಿ. ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನೋ ಬಿಳಿ ಹರಳು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತೆ. ಹೇಗೆ ಹಿಡಿಯುತ್ತೆ, ಯಾವ ಪಿಎಚ್‌ನಲ್ಲಿ ಚೆನ್ನಾಗಿ ಹಿಡಿಯುತ್ತೆ, ಪಕ್ಕದಲ್ಲಿ ಬೈಕಾರ್ಬನೇಟ್ ಇದ್ದರೆ ಯಾಕೆ ಕಮ್ಮಿ ಹಿಡಿಯುತ್ತೆ ಅನ್ನೋದು ಕೆಮಿಸ್ಟ್ರಿಯವರ ಪ್ರಶ್ನೆ. ಒಂದು ಕಿಲೋ ಅಲ್ಯೂಮಿನಾ ಎಷ್ಟು ಬಿಂದಿಗೆ ನೀರಿಗೆ ಬರುತ್ತೆ, ನೀರು ಎಷ್ಟು ವೇಗವಾಗಿ ಹರಿಯಬಹುದು, ಖಾಲಿಯಾದದ್ದನ್ನು ಮತ್ತೆ ಹೇಗೆ ಸಿದ್ಧ ಮಾಡೋದು, ತೊಳೆದ ಕೊಳಕು ನೀರನ್ನು ಎಲ್ಲಿ ಚೆಲ್ಲೋದು ಅನ್ನೋದು ಇಂಜಿನಿಯರ್ ಪ್ರಶ್ನೆ. ಫ್ಲಾಸ್ಕ್‌ನಲ್ಲಿ ಆದದ್ದು ಟ್ಯಾಂಕ್‌ನಲ್ಲಿ ಹಾಗೇ ಆಗಲ್ಲ. ಪಾತ್ರೆಯ ಅಗಲ, ಎತ್ತರ ಎಲ್ಲ ಹತ್ತು ಪಟ್ಟಾದರೆ ಒಳಗಿನ ದ್ರವ ಸಾವಿರ ಪಟ್ಟಾಗುತ್ತೆ, ಶಾಖ ಹೊರಗೆ ಹೋಗೋ ಗೋಡೆ ಮಾತ್ರ ನೂರು ಪಟ್ಟು. ಬೀಕರ್‌ನಲ್ಲಿ ತಣ್ಣಗಿದ್ದ ರಿಯಾಕ್ಷನ್ ದೊಡ್ಡ ಪಾತ್ರೆಯಲ್ಲಿ ಕುದಿಯೋಕೆ ಇದೇ ಕಾರಣ.

2. "ನಮ್ಮಂಥ ಡಿಗ್ರಿ ಹುಡುಗರ ಕೈಲಿ ಏನಾಗುತ್ತೆ?"

ಈ ಪ್ರಶ್ನೆಗೆ ಉತ್ತರ ನಮ್ಮ ಬಹರೇನ್‌ನಲ್ಲೇ ಇದೆ. ಅಂಕಲ್ ಕೆಲಸ ಮಾಡೋ ಅಲ್ಬಾ ಕಾರ್ಖಾನೆ 1971ರಲ್ಲಿ ಉತ್ಪಾದನೆ ಶುರು ಮಾಡಿತು. 2019ರಲ್ಲಿ ಆರನೇ ಪಾಟ್‌ಲೈನ್ ಬಂದ ಮೇಲೆ ವರ್ಷಕ್ಕೆ 15 ಲಕ್ಷ ಟನ್‌ಗೂ ಹೆಚ್ಚು ಅಲ್ಯೂಮಿನಿಯಂ ತೆಗೀತಾರೆ. ಅಲ್ಲಿ ಬಳಸೋ ವಿಧಾನ ಹುಟ್ಟಿದ್ದು ಆಗಷ್ಟೇ ಡಿಗ್ರಿ ಮುಗಿಸಿದ ಒಬ್ಬ ಹುಡುಗನಿಂದ.

ಅಮೆರಿಕದ ಓಹಾಯೋ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಅಂತ ಒಬ್ಬ ವಿದ್ಯಾರ್ಥಿ ಇದ್ದ. ಅಲ್ಯೂಮಿನಿಯಂ ಆಗ ತುಂಬಾ ದುಬಾರಿ ಲೋಹ. ಅವನ ಕೆಮಿಸ್ಟ್ರಿ ಮೇಷ್ಟ್ರು ಫ್ರಾಂಕ್ ಜೂವೆಟ್, ಅದನ್ನು ಅಗ್ಗವಾಗಿ ತೆಗೆಯೋ ದಾರಿ ಕಂಡುಹಿಡಿದವನಿಗೆ ಜಗತ್ತೂ ಋಣಿಯಾಗುತ್ತೆ, ದುಡ್ಡೂ ಬರುತ್ತೆ ಅಂತ ಹುಡುಗರನ್ನು ಹುರಿದುಂಬಿಸುತ್ತಿದ್ದರಂತೆ. ಹಾಲ್ ಓದುವಾಗಲೇ ಮೇಷ್ಟ್ರ ಲ್ಯಾಬ್‌ನಲ್ಲಿ ಪ್ರಯೋಗ ಶುರು ಮಾಡಿದ. 1885ರಲ್ಲಿ ಡಿಗ್ರಿ ಮುಗಿಸಿ, ಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಮುಂದುವರಿಸಿದ. ಕರಗಿದ ಕ್ರಯೊಲೈಟ್‌ನಲ್ಲಿ ಅಲ್ಯೂಮಿನಾ ಬೆರೆಸಿ ಕರೆಂಟ್ ಹಾಯಿಸಿದರೆ ಅಲ್ಯೂಮಿನಿಯಂ ಬರಬೇಕಿತ್ತು. ಬರಲಿಲ್ಲ, ಬೂದು ಬಣ್ಣದ ಏನೋ ಕೂತಿತು. ಮಣ್ಣಿನ ಮೂಸೆಯೇ ಕರಗಿ ಅದರ ಸಿಲಿಕೇಟ್ ಒಳಗೆ ಸೇರುತ್ತಿದೆ ಅನ್ನೋದು ಅವನಿಗೆ ಹೊಳೆಯಿತು. ಮೂಸೆಗೆ ಒಳಗಡೆಯಿಂದ ಕಾರ್ಬನ್ ಪದರ ಹಾಕಿದ. 1886ರ ಫೆಬ್ರವರಿ 23ರಂದು ಹೊಳೆಯೋ ಗುಂಡುಗಳು ಸಿಕ್ಕವು. ಆಗ ಅವನಿಗೆ 22 ವರ್ಷ.

ಅದೇ ವರ್ಷ ಫ್ರಾನ್ಸ್‌ನಲ್ಲಿ ಪಾಲ್ ಹೆರೂ ಅನ್ನೋ ಇನ್ನೊಬ್ಬ ಯುವಕನೂ ಇದನ್ನೇ ಕಂಡುಹಿಡಿದಿದ್ದ. ಅಮೆರಿಕದಲ್ಲಿ ಪೇಟೆಂಟ್ ಯಾರದ್ದು ಅಂತ ವಿವಾದ ಆಯ್ತು. ಹಾಲ್‌ನ ಅಕ್ಕ ಜೂಲಿಯಾ ಕೂಡ ಓಬರ್ಲಿನ್‌ನಲ್ಲಿ ಕೆಮಿಸ್ಟ್ರಿ ಓದಿದವಳು, ಪ್ರಯೋಗಗಳನ್ನು ಹತ್ತಿರದಿಂದ ನೋಡಿದವಳು. ಯಾವಾಗ ಏನಾಯಿತು ಅಂತ ಅವಳು ಕೊಟ್ಟ ವಿವರ, ದಿನಾಂಕ ಇದ್ದ ಪತ್ರಗಳು ತಮ್ಮನ ಪರವಾಗಿ ನಿಂತವು. ಈ ದಿನಾಂಕದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕಥೆಯಲ್ಲೂ ಬರುತ್ತೆ.

ಹಾಲ್ ಒಬ್ಬನೇ ಅಲ್ಲ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸೋಕೆ ಹೋಗಿ ನೇರಳೆ ಬಣ್ಣದ ಡೈ ಮಾಡಿಬಿಟ್ಟ. ಆಗ ಅವನಿಗೆ 18 ವರ್ಷ. ನಮ್ಮ ಬೆಂಗಳೂರಿನ ಕಥೆಯೂ ಒಂದಿದೆ. 1933ರಲ್ಲಿ ಬಾಂಬೆಯಲ್ಲಿ ಕೆಮಿಸ್ಟ್ರಿ, ಫಿಸಿಕ್ಸ್ ಡಿಗ್ರಿ ಮುಗಿಸಿದ ಕಮಲಾ ಸೊಹೋನಿ ಅವರು ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಅನ್ನೋ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಬೇಡ ಅಂದರು. ಕಮಲಾ ಬಿಡಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತಿನ ಮೇಲೆ ಸೇರಿಸಿಕೊಂಡರು. ಶ್ರೀನಿವಾಸಯ್ಯ ಅನ್ನೋ ಗುರುಗಳ ಹತ್ತಿರ ಹಾಲು, ಬೇಳೆಕಾಳಿನ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ಮುಂದೆ 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ಅದೇ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಡಿಗ್ರಿ ಕೋರ್ಸೇ ಇದೆ, ರಿಸರ್ಚ್ ಅದರ ಭಾಗ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ 1969ರಲ್ಲೇ ಡಿಗ್ರಿ ವಿದ್ಯಾರ್ಥಿಗಳಿಗಾಗಿ 'ಯುರಾಪ್' ಅನ್ನೋ ಸಂಶೋಧನಾ ಕಾರ್ಯಕ್ರಮ ಶುರು ಮಾಡಿದರು. ಹಾಗಾಗಿ ಬಾಗಿಲು ಇದೆ, ನಾವು ತಟ್ಟಬೇಕು ಅಷ್ಟೇ.

3. ನನ್ನ ಕಥೆ: 96 ಶೇಕಡಾ

ಈಗ ಸ್ವಂತ ವಿಷಯ. ನಾನು ಬಿ.ಇ. ಮಾಡಿದ್ದು ಬಯಲುಸೀಮೆಯ ಒಂದು ಕಾಲೇಜಿನಲ್ಲಿ. ಮೂರನೇ ವರ್ಷದ ಕೊನೆಗೆ ನಮ್ಮ ಮೇಡಂ ಒಬ್ಬರ ಲ್ಯಾಬ್‌ಗೆ ಹೋಗೋಕೆ ಶುರು ಮಾಡಿದೆ. ಮೊದಲ ಒಂದೂವರೆ ತಿಂಗಳು ಬೀಕರ್ ತೊಳೆದೆ, ಸ್ಟ್ಯಾಂಡರ್ಡ್ ದ್ರಾವಣ ಮಾಡಿದೆ, ಎಲೆಕ್ಟ್ರೋಡ್ ಕ್ಯಾಲಿಬ್ರೇಶನ್ ಮಾಡಿದೆ. ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಸಾಂದ್ರತೆ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ನನಗೆ ಒಂದು ದಿನ 48, ಇನ್ನೊಂದು ದಿನ 66 ಬರ್ತಿತ್ತು. ಪ್ಲಾಸ್ಟಿಕ್ ಬೀಕರ್ ಬಿಟ್ಟು ಗಾಜಿನದ್ದು ಬಳಸ್ತಿದ್ದೆ, ಪಿಪೆಟ್ ಸರಿಯಾಗಿ ತೊಳೀತಿರಲಿಲ್ಲ. ಹಾಸ್ಟೆಲ್‌ಗೆ ಬಂದು ಅತ್ತಿದ್ದೂ ಇದೆ. ಆದರೆ ಆ ಆರು ವಾರದಲ್ಲಿ ಕಲಿತಷ್ಟು ಕೈಕೆಲಸ ನಾಲ್ಕು ವರ್ಷದ ಲ್ಯಾಬ್ ಕ್ಲಾಸಲ್ಲಿ ಕಲಿತಿರಲಿಲ್ಲ.

ಫೈನಲ್ ಇಯರ್‌ನಲ್ಲಿ ನಾವು ಮೂವರು ಸೇರಿ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆವು. ಪಾವಗಡ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯೋ ನೀರಿನಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ನಮ್ಮ ಭಾರತದ ಮಾನದಂಡ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಅದಕ್ಕಿಂತ ಜಾಸ್ತಿಯಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬರುತ್ತೆ, ಇನ್ನೂ ಜಾಸ್ತಿಯಾದರೆ ಮೂಳೆಗೂ ತೊಂದರೆ. ಆ ಕಡೆಯ ಒಂದು ಶಾಲೆಯ ಹೆಡ್ ಮಾಸ್ಟರ್ ಮೇಡಂಗೆ ಪರಿಚಯ. ನಮ್ಮ ಫಿಲ್ಟರ್ ಕೆಲಸ ಮಾಡಿದರೆ ಶಾಲೆಯಲ್ಲಿ ಇಡೋಣ ಅಂತ ಮಾತಾಗಿತ್ತು.

ನಾವು ಲೀಟರ್‌ಗೆ 5 ಮಿಲಿಗ್ರಾಂ ಫ್ಲೋರೈಡ್ ಇರೋ ನೀರು ಮಾಡಿ, ಅಲ್ಯೂಮಿನಾ ಹಾಕಿ ಅಲ್ಲಾಡಿಸಿ, ಉಳಿದದ್ದನ್ನು ಅಳೆದೆವು. ಒಂದು ದಿನ 0.2 ಬಂತು. ಅಂದರೆ 96 ಶೇಕಡಾ ಹೋಗಿದೆ! ಕುಣಿದಾಡಿದೆವು. ವಿದ್ಯಾರ್ಥಿ ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆವು. ನಾನೇ ಹೆಡ್ ಮಾಸ್ಟರ್‌ಗೆ ಫೋನ್ ಮಾಡಿ "ಸರ್, ಸಿದ್ಧ ಆಗ್ತಾ ಇದೆ" ಅಂದೆ.

ಎರಡು ವಾರದ ಮೇಲೆ ಗೆಳತಿ ಅದೇ ಪ್ರಯೋಗ ಮತ್ತೆ ಮಾಡಿದಳು. 1.9 ಬಂತು. ಅಂದರೆ 62 ಶೇಕಡಾ ಮಾತ್ರ. ಮತ್ತೆ ಮಾಡಿದಳು, ಮತ್ತೂ 1.9ರ ಹತ್ತಿರವೇ. ನಾವು ಅವಳದ್ದೇ ತಪ್ಪು ಅಂತ ಮೂರು ದಿನ ವಾದ ಮಾಡಿದೆವು. ಕೊನೆಗೆ ನಾನು ನನ್ನ ನೋಟ್‌ಬುಕ್ ತೆಗೆದೆ. ಆ ದಿನಾಂಕದ ಪುಟದಲ್ಲಿ ನನ್ನ ಕೈಬರಹದಲ್ಲೇ ಇತ್ತು: "ಬಫರ್ ಮುಗಿದಿದೆ, ನಾಳೆ ಮಾಡಬೇಕು." ಅದರ ಕೆಳಗೆ 96 ಶೇಕಡಾದ ರೀಡಿಂಗ್‌ಗಳು.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಹೇಳಲೇಬೇಕು. ಈ ಎಲೆಕ್ಟ್ರೋಡ್ ಒಂಟಿಯಾಗಿ ಓಡಾಡೋ ಫ್ಲೋರೈಡ್ ಅಯಾನನ್ನು ಮಾತ್ರ ನೋಡುತ್ತೆ. ಆವತ್ತು ಆಸಿಡ್ ಸ್ವಲ್ಪ ಜಾಸ್ತಿ ಬಿದ್ದು ಪಿಎಚ್ ನಾಲ್ಕೂವರೆಗೆ ಇಳಿದಿತ್ತು. ಅಂಥಾ ನೀರಿನಲ್ಲಿ ಅಲ್ಯೂಮಿನಾ ಸ್ವಲ್ಪ ಕರಗುತ್ತೆ. ಕರಗಿದ ಅಲ್ಯೂಮಿನಿಯಂ ಫ್ಲೋರೈಡ್ ಜೊತೆ ಕೈಹಿಡಿದು ನೀರಿನಲ್ಲೇ ಇರುತ್ತೆ. ಫ್ಲೋರೈಡ್ ಎಲ್ಲೂ ಹೋಗಿಲ್ಲ, ಎಲೆಕ್ಟ್ರೋಡ್ ಕಣ್ಣಿಗೆ ಬೀಳ್ತಿಲ್ಲ ಅಷ್ಟೇ. ಅಳೆಯೋ ಮುಂಚೆ ಟಿಸಾಬ್ ಅನ್ನೋ ಬಫರ್ ಹಾಕೋದೇ ಇದಕ್ಕೆ: ಅದು ಪಿಎಚ್ ಸರಿಮಾಡುತ್ತೆ, ಅಲ್ಯೂಮಿನಿಯಂ ಅನ್ನು ತಾನು ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುತ್ತೆ. ನಾನು ಅದನ್ನು ಹಾಕದೇ ಅಳೆದಿದ್ದೆ. ಕಾಗದದ ಮೇಲೆ 0.2 ಇದ್ದ ನೀರು ನಿಜಕ್ಕೂ 1.9, ಮಿತಿಗಿಂತ ಮೇಲೆ. ಜೊತೆಗೆ ಕರಗಿದ ಅಲ್ಯೂಮಿನಿಯಂ ಬೇರೆ. ಆ ನೀರನ್ನು "ಕುಡೀರಿ" ಅಂತ ಶಾಲೆ ಮಕ್ಕಳಿಗೆ ಕೊಡೋಕೆ ಹೊರಟಿದ್ದೆವು.

ಒಬ್ಬ ಗೆಳೆಯ ಹೇಳಿದ: "ಇನ್ನೊಂದ್ ವಾರ ಇದೆ ವೈವಾಗೆ. ಯಾರ್ ಕೇಳ್ತಾರೆ? ಸುಮ್ನಿರೋಣ." ನಿಜ ಹೇಳ್ತೀನಿ, ಒಂದು ರಾತ್ರಿ ಪೂರ್ತಿ ನನಗೂ ಹಾಗೇ ಅನ್ನಿಸಿತ್ತು. ಬೆಳಿಗ್ಗೆ ಹೋಗಿ ಮೇಡಂಗೆ ನೋಟ್‌ಬುಕ್ ತೋರಿಸಿದೆ. ಅವರು ಬಯ್ಯಲಿಲ್ಲ. ಪುಟ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಾಂಶ ವಾಪಸ್ ತಗೋ. ಹೆಡ್ ಮಾಸ್ಟರ್‌ಗೆ ನೀನೇ ಫೋನ್ ಮಾಡು" ಅಂದರು.

ಆ ಫೋನ್ ಮಾಡೋಕೆ ಕೈ ನಡುಗ್ತಿತ್ತು. ಅವರು ಎಲ್ಲ ಕೇಳಿಸಿಕೊಂಡು, "ಮಕ್ಳು ಕುಡಿಯೋಕ್ ಮುಂಚೆ ಹೇಳಿದ್ರಲ್ಲಮ್ಮ, ಅಷ್ಟ್ ಸಾಕು" ಅಂದರು.

ಆಮೇಲೆ ಏನಾಯ್ತು ಅಂದ್ರೆ, ಪಿಎಚ್ 6ರ ಹತ್ತಿರ ಇಟ್ಟು, ಅಲ್ಯೂಮಿನಾ ಜಾಸ್ತಿ ಹಾಕಿ 1.2ರವರೆಗೆ ಇಳಿಸಿದೆವು, ಈ ಸಲ ಬಫರ್ ಹಾಕಿಯೇ ಅಳೆದು. ಆದರೆ ನಿಜವಾದ ಬೋರ್‌ವೆಲ್ ನೀರು ಹಾಕಿದಾಗ ಅಲ್ಯೂಮಿನಾ ಬೇಗ ಖಾಲಿಯಾಯ್ತು. ಫಿಲ್ಟರ್ ಶಾಲೆಗೆ ಹೋಗಲಿಲ್ಲ. ಬಹುಮಾನವೂ ಬರಲಿಲ್ಲ. ಆ ಗೆಳೆಯ ಇವತ್ತಿಗೂ "ನೀನ್ ಸುಮ್ನಿದ್ದಿದ್ರೆ ಪ್ರೈಜ್ ಬರ್ತಿತ್ತು" ಅಂತಾನೆ. ನಮ್ಮ ಜೂನಿಯರ್‌ಗಳು ಆ ಕೆಲಸವನ್ನ ನಾವು ಬಿಟ್ಟ ಕಡೆಯಿಂದ ಮುಂದುವರಿಸಿದರು, 62ರ ಗ್ರಾಫ್ ಇಟ್ಟುಕೊಂಡು. 96ರ ಗ್ರಾಫ್ ಕೊಟ್ಟಿದ್ದರೆ ಅವರ ಒಂದು ವರ್ಷ ಹಾಳಾಗ್ತಿತ್ತು.

4. ಹಾಗಾದ್ರೆ ಶುರು ಮಾಡೋದು ಹೇಗೆ?

*ಮೊದಲು ನಿಮ್ಮ ಡಿಪಾರ್ಟ್‌ಮೆಂಟ್ ಕಾರಿಡಾರ್‌ನಲ್ಲಿ ಓಡಾಡಿ.* ಎಲ್ಲರೂ ದೊಡ್ಡ ಸಂಸ್ಥೆಯ ಕಡೆ ನೋಡ್ತಾರೆ. ಆದರೆ ನಿಮಗೆ ಪಾಠ ಮಾಡೋ ಮೇಷ್ಟ್ರ ಲ್ಯಾಬ್ ಪಕ್ಕದಲ್ಲೇ ಇರುತ್ತೆ. ಅಲ್ಲಿನ ಪಿಎಚ್.ಡಿ. ವಿದ್ಯಾರ್ಥಿಗಳ ಹತ್ತಿರ ಮಾತಾಡಿ. ಕೈ ಜೋಡಿಸೋರು ಬೇಕು ಅಂತ ಮೊದಲು ಅನ್ನಿಸೋದು ಅವರಿಗೇ. ಗೈಡ್ ಹೇಗೆ, ಲ್ಯಾಬ್ ವಾತಾವರಣ ಹೇಗೆ ಅನ್ನೋದೂ ಅವರಿಂದಲೇ ಗೊತ್ತಾಗೋದು.

*ಒಂದು ಪೇಪರ್ ಪೂರ್ತಿ ಓದಿ.* ಹತ್ತು ಪೇಪರ್‌ನ ಸಾರಾಂಶ ಓದೋದಕ್ಕಿಂತ ಒಂದನ್ನು ನಾಲ್ಕು ಸಲ ಓದೋದು ಮೇಲು. ಮೊದಲ ಸಲ ಅರ್ಥ ಆಗಲ್ಲ, ಪರವಾಗಿಲ್ಲ. ಗ್ರಾಫ್‌ಗಳನ್ನು ನೋಡಿ, ಯಾವ ಅಕ್ಷದಲ್ಲಿ ಏನಿದೆ ಅಂತ ಬರೆದುಕೊಳ್ಳಿ. ಪ್ರಯೋಗದ ವಿಧಾನ ಓದುವಾಗ "ಇದನ್ನ ನಮ್ಮ ಲ್ಯಾಬ್‌ನಲ್ಲಿ ಮಾಡಬಹುದಾ?" ಅಂತ ಕೇಳಿಕೊಳ್ಳಿ. ಕೊನೆಗೆ ಒಂದು ಪ್ರಶ್ನೆಯಾದರೂ ಹುಟ್ಟಬೇಕು.

*ಮೇಲ್ ಬರೆಯಿರಿ, ಆದರೆ ಒಬ್ಬರಿಗೆ ಒಂದರಂತೆ.* "ಗೌರವಾನ್ವಿತ ಸರ್, ನಾನು ತುಂಬಾ ಶ್ರಮಜೀವಿ, ನಿಮ್ಮ ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ" ಅಂತ ನಲವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಅದು ನೇರ ಕಸದಬುಟ್ಟಿಗೆ. ನಾನು ಮೊದಲು ಹಾಗೇ ಕಳಿಸಿದ್ದೆ, ಒಂದೂ ಉತ್ತರ ಬರಲಿಲ್ಲ. ಹೀಗೆ ಬರೆದು ನೋಡಿ:

"ನಾನು ಮೂರನೇ ವರ್ಷದ ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಫ್ಲೋರೈಡ್ ತೆಗೆಯುವ ಬಗ್ಗೆ ನೀವು ಬರೆದ ಲೇಖನ ಓದಿದೆ. ಸಲ್ಫೇಟ್ ಇದ್ದಾಗ ಏನಾಗುತ್ತದೆ ಎಂದು ತೋರಿಸಿದ್ದೀರಿ. ಬೈಕಾರ್ಬನೇಟ್ ಜಾಸ್ತಿ ಇರುವ ಬೋರ್‌ವೆಲ್ ನೀರಿನಲ್ಲಿ ಏನಾಗಬಹುದು ಎಂಬುದು ನನ್ನ ಪ್ರಶ್ನೆ. ಮಾಸ್ ಟ್ರಾನ್ಸ್‌ಫರ್ ಮುಗಿಸಿದ್ದೇನೆ, ಪೈಥಾನ್‌ನಲ್ಲಿ ಗ್ರಾಫ್ ಹಾಕಲು ಬರುತ್ತದೆ. ಎಲೆಕ್ಟ್ರೋಡ್ ಕೆಲಸ ಗೊತ್ತಿಲ್ಲ, ಕಲಿಯುತ್ತೇನೆ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೆ ಎಂಟು ಗಂಟೆ ಬರಬಲ್ಲೆ. ಒಂದು ದಿನ ನಿಮ್ಮ ಲ್ಯಾಬ್ ಮೀಟಿಂಗ್‌ನಲ್ಲಿ ಕೂತು ಕೇಳಬಹುದೇ?"

ನೋಡಿ, ಇದರಲ್ಲಿ ಹೊಗಳಿಕೆ ಇಲ್ಲ. ನೀವು ಯಾರು, ಏನು ಓದಿದ್ದೀರಿ, ಏನು ಬರುತ್ತೆ, ಏನು ಬರಲ್ಲ, ಎಷ್ಟು ಹೊತ್ತು ಕೊಡಬಲ್ಲಿರಿ ಅನ್ನೋದಿದೆ. ಕೇಳಿದ್ದೂ ಚಿಕ್ಕದು, ಹಾಗಾಗಿ "ಆಯ್ತು ಬಾ" ಅನ್ನೋದು ಅವರಿಗೆ ಸುಲಭ. ಹತ್ತು ದಿನ ಉತ್ತರ ಬರದಿದ್ದರೆ ಒಂದು ಸಲ ವಿನಯದಿಂದ ನೆನಪಿಸಿ. ಆಮೇಲೂ ಬರದಿದ್ದರೆ ಮುಂದಿನವರ ಕಡೆ ಹೋಗಿ, ಬೇಜಾರು ಮಾಡ್ಕೋಬೇಡಿ.

*ಸಮಯದ ಬಗ್ಗೆ ಸುಳ್ಳು ಹೇಳಬೇಡಿ.* ಇಂಟರ್ನಲ್ಸ್ ಇದ್ದಾಗ ಬರೋಕಾಗಲ್ಲ ಅಂತ ಮೊದಲೇ ಹೇಳಿ. ಹೇಳದೇ ಮಾಯ ಆಗೋ ವಿದ್ಯಾರ್ಥಿಯಿಂದ ಮುಂದಿನ ವರ್ಷದ ಹುಡುಗರಿಗೂ ಬಾಗಿಲು ಮುಚ್ಚುತ್ತೆ.

*ನೋಟ್‌ಬುಕ್ ಅವತ್ತಿಂದವತ್ತೇ ಬರೆಯಿರಿ.* ದಿನಾಂಕ, ಬಾಟಲ್ ಮೇಲಿನ ಬ್ಯಾಚ್ ನಂಬರ್, ರೂಮಿನ ಉಷ್ಣತೆ, ಮುಗಿದುಹೋದ ಬಫರ್, ಎಲ್ಲ ಇರಲಿ. ತಪ್ಪಾದದ್ದನ್ನು ಅಳಿಸಬೇಡಿ, ಒಂದು ಗೆರೆ ಎಳೆಯಿರಿ. ಜೂಲಿಯಾ ಬರೆದಿಟ್ಟದ್ದು ತಮ್ಮನ ಪೇಟೆಂಟ್ ಉಳಿಸಿತು. ನನ್ನ ಒಂದು ಸಾಲು ಒಂದು ಶಾಲೆಯ ಮಕ್ಕಳು ಆ ನೀರು ಕುಡಿಯದ ಹಾಗೆ ತಡೆಯಿತು.

*ಒಳ್ಳೇ ರಿಸಲ್ಟ್ ಬಂದ ದಿನವೇ ಜಾಸ್ತಿ ಅನುಮಾನ ಪಡಿ.* ಕೆಟ್ಟ ರಿಸಲ್ಟ್ ಬಂದರೆ ಎಲ್ಲರೂ ಮತ್ತೆ ಮಾಡ್ತಾರೆ. ಒಳ್ಳೇದು ಬಂದರೆ ಯಾರೂ ಮಾಡಲ್ಲ. ಕನಿಷ್ಠ ಮೂರು ಸಲ ಮಾಡಿ, ಒಂದು ಸಲವಾದರೂ ಬೇರೆಯವರ ಕೈಯಲ್ಲಿ ಮಾಡಿಸಿ.

5. ಎಲ್ಲಿ ಅರ್ಜಿ ಹಾಕಬಹುದು?

ಭಾರತದಲ್ಲಿ ಓದ್ತಾ ಇದ್ದರೆ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸೋ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ಎರಡು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಅದು ನಮ್ಮ ಕೆಮಿಸ್ಟ್ ಭಾರತರತ್ನ ಸಿ.ಎನ್.ಆರ್. ರಾವ್ ಅವರು ಕಟ್ಟಿದ ಸಂಸ್ಥೆ. ಅವರು ಡಿಗ್ರಿ ಮಾಡಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೇ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಣ್ಣ ಸಹಾಯಧನ ಕೊಡುತ್ತೆ, ಕಾಲೇಜಿನ ಮೂಲಕ ಅರ್ಜಿ ಹೋಗಬೇಕು.

ಹೊರದೇಶಕ್ಕೆ ಹೋಗೋದಾದರೆ ಜರ್ಮನಿಯ ಡಾಡ್ ಸಂಸ್ಥೆಯ 'ವೈಸ್', ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ (12 ವಾರ) ನೋಡಿ. ಆದರೆ ನಮ್ಮಂಥ ಗಲ್ಫ್ ಮಕ್ಕಳು ಎರಡು ಪ್ರಶ್ನೆ ಮೊದಲೇ ಕೇಳಿಕೊಳ್ಳಬೇಕು: ಪಾಸ್‌ಪೋರ್ಟ್ ಯಾವ ದೇಶದ್ದು? ಕಾಲೇಜು ಯಾವ ದೇಶದ್ದು? ಕೆಲವು ಕಾರ್ಯಕ್ರಮ ಪೌರತ್ವ ನೋಡುತ್ತೆ, ಕೆಲವು ಕಾಲೇಜು ಎಲ್ಲಿದೆ ಅಂತ ನೋಡುತ್ತೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ನಡೆಯೋ ಬೇಸಿಗೆ ಕಾರ್ಯಕ್ರಮಗಳು ಅಲ್ಲಿನ ಪೌರರು ಮತ್ತು ಖಾಯಂ ನಿವಾಸಿಗಳಿಗೆ. ನೀವು ಅಲ್ಲೇ ಓದುತ್ತಿದ್ದರೂ ವೀಸಾ ಮೇಲಿದ್ದರೆ ಅದು ಸಿಗಲ್ಲ. ಆದರೆ ನಿಮ್ಮದೇ ಯೂನಿವರ್ಸಿಟಿಯ ಒಳಗಿನ ಕಾರ್ಯಕ್ರಮಕ್ಕೆ ಪ್ರಯತ್ನಿಸಬಹುದು. ಕೊನೇ ದಿನಾಂಕಗಳು ಪ್ರತಿ ವರ್ಷ ಬದಲಾಗುತ್ತವೆ, ಬೇಸಿಗೆಯ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿಯೋದುಂಟು. ಮಾರ್ಚ್‌ನಲ್ಲಿ ಎಚ್ಚರಾದರೆ ತಡ ಆಗಿರುತ್ತೆ.

6. ಇದೊಂದನ್ನ ಮಾತ್ರ ಹಗುರವಾಗಿ ತಗೋಬೇಡಿ

2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ, ಗಾಳಿ ತಾಗಿದರೆ ಹೊತ್ತಿಕೊಳ್ಳೋ ರಾಸಾಯನಿಕವನ್ನು ಸಿರಿಂಜ್‌ನಲ್ಲಿ ತೆಗೆಯುವಾಗ ಬೆಂಕಿ ಹತ್ತಿತು. ಆಗಷ್ಟೇ ಡಿಗ್ರಿ ಮುಗಿಸಿದ್ದ 23 ವರ್ಷದ ಸಂಶೋಧನಾ ಸಹಾಯಕಿ ಸುಟ್ಟಗಾಯದಿಂದ ಮುಂದಿನ ತಿಂಗಳು ತೀರಿಕೊಂಡಳು. ಅವಳು ಲ್ಯಾಬ್ ಕೋಟ್ ಹಾಕಿರಲಿಲ್ಲ, ಸಿಂಥೆಟಿಕ್ ಸ್ವೆಟರ್ ಹಾಕಿದ್ದಳು.

ಹತ್ತಿ ಬಟ್ಟೆ, ಮುಚ್ಚಿದ ಶೂ, ಕನ್ನಡಕ, ಕೋಟ್ ಇಲ್ಲದೇ ಒಳಗೆ ಹೋಗಬೇಡಿ. ಕೂದಲು ಕಟ್ಟಿ. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗಲ್ಲ. ಯಾವ ಬಾಟಲ್ ತೆಗೆಯೋ ಮುಂಚೆಯೂ ಅದರ ಸುರಕ್ಷತಾ ಹಾಳೆ ಓದಿ. ರಾತ್ರಿ ಒಬ್ಬರೇ ಕೆಲಸ ಮಾಡಬೇಡಿ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ತೋರಿಸ್ತೀರಾ?" ಅಂತ ಕೇಳಿ. ಅದನ್ನು ಕೇಳೋಕೆ ನಾಚಿಕೊಂಡರೆ ಕೈಗೋ ಕಣ್ಣಿಗೋ ಅಪಾಯ.

7. ಕೊನೆಗೆ, ಮೇಲಿನ ಮಹಡಿಯ ಅಂಕಲ್

ಇಷ್ಟೆಲ್ಲ ಮಾತಾಡ್ತಾ ಇರುವಾಗ ಅಂಕಲ್ ಡ್ಯೂಟಿ ಮುಗಿಸಿ ಬಂದರು. ಫ್ಲೋರೈಡ್, ಅಲ್ಯೂಮಿನಾ ಅನ್ನೋದು ಕಿವಿಗೆ ಬಿದ್ದು, "ಅದು ನಮ್ಮಲ್ಲಿ ದಿನಾ ನಡೀತದಲ್ಲ ಮಾರಾಯ್ತಿ!" ಅಂದರು. ಅಲ್ಯೂಮಿನಿಯಂ ಪಾಟ್‌ಗಳಿಂದ ಹೈಡ್ರೋಜನ್ ಫ್ಲೋರೈಡ್ ಅನಿಲ ಬರುತ್ತೆ, ತುಂಬಾ ಅಪಾಯಕಾರಿ. ಅದನ್ನು ಹಿಡಿಯೋಕೆ ಸ್ಮೆಲ್ಟರ್‌ಗಳಲ್ಲಿ ಆ ಹೊಗೆಯನ್ನು ಅಲ್ಯೂಮಿನಾ ಪುಡಿಯ ಮೂಲಕ ಹಾಯಿಸ್ತಾರೆ. ಅಲ್ಯೂಮಿನಾ ಫ್ಲೋರೈಡ್ ಹಿಡಿಯುತ್ತೆ, ಆ ಅಲ್ಯೂಮಿನಾವನ್ನೇ ಮತ್ತೆ ಪಾಟ್‌ಗೆ ಹಾಕ್ತಾರೆ. ಏನೂ ವ್ಯರ್ಥ ಇಲ್ಲ. ಪಾವಗಡದ ನೀರಿಗೆ ನಾವು ಮಾಡೋಕೆ ಹೊರಟಿದ್ದೂ ಇದನ್ನೇ, ಆದರೆ ನಮ್ಮಲ್ಲಿ ಖಾಲಿಯಾದ ಅಲ್ಯೂಮಿನಾಕ್ಕೆ ಹೋಗೋ ಜಾಗ ಇರಲಿಲ್ಲ. ಒಂದು ವರ್ಷ ತಲೆ ಕೆಡಿಸಿಕೊಂಡ ವಿಷಯ ನಮ್ಮ ಮನೆ ಮೇಲೆಯೇ ಇತ್ತು, ನಾನು ಒಂದು ದಿನವೂ ಅವರನ್ನು ಕೇಳಿರಲಿಲ್ಲ.

ಅವರ ಮಗಳು ಅಪ್ಪನ ಮುಖವನ್ನೇ ನೋಡ್ತಾ ಇದ್ದಳು. ಆಮೇಲೆ ಕೇಳಿದಳು: "ಹಾಗಾದ್ರೆ ಅಪ್ಪ, ಪುಡಿ ಪೂರ್ತಿ ಹಿಡೀತು ಅಂತ ನಿಮಗೆ ಹೇಗೆ ಗೊತ್ತಾಗ್ತದೆ?"

ಅಂಕಲ್ ಚಹಾ ಲೋಟ ಕೆಳಗಿಟ್ಟು ವಿವರಿಸೋಕೆ ಶುರು ಮಾಡಿದರು. ನಾನು ಒಳಗೆ ಹೋಗಿ ಇನ್ನೊಂದು ರೌಂಡ್ ಚಹಾಕ್ಕೆ ನೀರಿಟ್ಟೆ. ಸಿ.ವಿ. ಲೈನಿನ ವಿಷಯ ಅವಳು ಆಮೇಲೆ ಎತ್ತಲೇ ಇಲ್ಲ.

ನೀವೂ ಇಂಥಾ ಒಂದು ಪ್ರಶ್ನೆಯಿಂದ ಶುರು ಮಾಡಿ. ಅರ್ಜಿ, ಮೇಲ್, ಪೇಪರ್ ಓದೋದು, ಯಾವುದರಲ್ಲಿ ಸಿಕ್ಕಿಹಾಕಿಕೊಂಡರೂ ಸಂಘದ ಮೀಟಿಂಗ್‌ನಲ್ಲಿ ಸಿಕ್ಕಾಗ ಸಂಕೋಚ ಇಲ್ಲದೇ ಕೇಳಿ. ನನಗೆ ಗೊತ್ತಿದ್ದರೆ ಹೇಳ್ತೀನಿ, ಇಲ್ಲದಿದ್ದರೆ ಇಬ್ಬರೂ ಸೇರಿ ಹುಡುಕೋಣ.